ಕಡಲತಡಿಯ ಕಲ್ಲುಗುಡಿಗಳು

ಮೈಸೂರು ನಗರದ ಹೆಬ್ಬಾಳದಿಂದ ಹೊರಟ ಪ್ರವಾಸಿಗರು ಬೆಂಗಳೂರು, ಕಾಂಚೀಪುರಗಳ ಮಾರ್ಗವಾಗಿ ಪೂರ್ವಕ್ಕೆ ಸಾಗಿದರೆ ಬಂಗಾಳ ಕೊಲ್ಲಿಯ ತೀರದ ಮಾಮಲ್ಲಪುರವನ್ನು ತಲಪುತ್ತಾರೆ. ಕನ್ನಡಿಗರಿಗೆ ಇದು ಮಹಾಬಲಿಪುರವೆಂದೇ ಪರಿಚಿತ. ಒಂದೆಡೆ ಮರಳಿನ ದಂಡೆ, ನಿಲ್ಲದ ತೆರೆಗಳ ಮೊರೆತ. ಇನ್ನೊಂದೆಡೆ ಕಗ್ಗಲ್ಲಿನ ಬಂಡೆಗಳು. ಏಳು ಮತ್ತು ಎಂಟನೆಯ ಶತಮಾನಗಳಲ್ಲಿ ಪಲ್ಲವ ಅರಸರ ಆಶ್ರಯದಲ್ಲಿ ಶಿಲ್ಪಿಗಳು ಈ ಬಂಡೆಗಳನ್ನೇ ಗುಡಿಗಳನ್ನಾಗಿ ಮಾಡಿದರು.

ಊರಿನ ಹೆಸರು ‘ಮಾಮಲ್ಲ’ನೆಂಬ ಬಿರುದಿದ್ದ ಒಂದನೆಯ ನರಸಿಂಹವರ್ಮನನ್ನು ನೆನಪಿಗೆ ತರುತ್ತದೆ. ಕನ್ನಡ ನಾಡಿಗೆ ಅದು ನೋವಿನ ನೆನಪು. 642ರಲ್ಲಿ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದವನು ಇವನೇ. ಅಲ್ಲಿಯ ಬಂಡೆಯ ಮೇಲೆ ಅವನ ಶಾಸನವೂ ಇದೆ.

ಮಾಮಲ್ಲಪುರದ ಪಂಚರಥಗಳಿಗೆ ಪಾಂಡವರ ಮತ್ತು ದ್ರೌಪದಿಯ ಹೆಸರುಗಳಿದ್ದರೂ ಅವು ಜನರು ಮುಂದೆ ಇಟ್ಟ ಹೆಸರುಗಳು. ಪ್ರತಿಯೊಂದು ರಥವೂ ಒಂದೇ ಕಲ್ಲಿನಿಂದ ಮೂಡಿದೆ. ದ್ರೌಪದಿಯ ರಥವು ಹುಲ್ಲು ಹೊದಿಸಿದ ಗುಡಿಸಲಿನಂತಿದೆ. ಶಿಲ್ಪಿಗಳು ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆಯುತ್ತ ಬಂದರು. ಪೂರ್ಣಗೊಳ್ಳದ ಬುಡಭಾಗಗಳು ಇದಕ್ಕೆ ಸಾಕ್ಷಿ. ಬಾದಾಮಿಯ ಗುಹೆಗಳದು ಮರಳುಗಲ್ಲು. ಇಲ್ಲಿಯದು ಉಳಿಗೆ ಸುಲಭವಾಗಿ ಮಣಿಯದ ಗ್ರಾನೈಟ್. ತಪ್ಪಿ ಬಿದ್ದ ಒಂದು ಪೆಟ್ಟನ್ನು ಮರಳಿ ಸರಿಪಡಿಸುವಂತಿರಲಿಲ್ಲ.

ಸಮೀಪದ ಹೆಬ್ಬಂಡೆಯಲ್ಲಿ ಒಂದು ಸೀಳಿದೆ. ಶಿಲ್ಪಿಯು ಅದನ್ನೇ ನದಿಯಾಗಿಸಿ, ಅದರಲ್ಲಿ ನಾಗದೇವತೆಗಳನ್ನು, ಸುತ್ತಲೂ ಆನೆಗಳನ್ನೂ ಮುನಿಗಳನ್ನೂ ಕೆತ್ತಿದನು. ಒಂಟಿಕಾಲಿನಲ್ಲಿ ನಿಂತ ತಪಸ್ವಿಯನ್ನು ಕೆಲವರು ಅರ್ಜುನನೆಂದರೆ ಕೆಲವರು ಭಗೀರಥನೆನ್ನುತ್ತಾರೆ. ಕೆಳಗೆ ಬೆಕ್ಕೊಂದು ಅವನಂತೆಯೇ ಕೈಯೆತ್ತಿ ನಿಂತಿದೆ. ಅದರ ಬಳಿ ಇಲಿಗಳು! ಕಪಟ ತಪಸ್ಸನ್ನು ಕಂಡು ನೋಡುಗರು ನಗದಿರಲಾರರು.

ಕಡಲ ದಡದ ದೇವಾಲಯವು ಎಂಟನೆಯ ಶತಮಾನದ ಆದಿಭಾಗದಲ್ಲಿ, ರಾಜಸಿಂಹನ ಕಾಲದಲ್ಲಿ, ಕಲ್ಲುಗಳನ್ನು ಜೋಡಿಸಿ ಕಟ್ಟಿದುದು. ಉಪ್ಪುಗಾಳಿಯಿಂದ ಅದರ ಎಷ್ಟೋ ಶಿಲ್ಪಗಳ ಮುಖ ಸವೆದಿದೆ. ಅಲೆಗಳನ್ನು ತಡೆಯಲು ಕಲ್ಲಿನ ಒಡ್ಡನ್ನು ಹಾಕಲಾಗಿದೆ. 1984ರಲ್ಲಿ ಇಲ್ಲಿಯ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗಲೂ ಈ ದೇವಾಲಯ ಕುಸಿಯಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಕಾಂಚಿಯ ಕೈಲಾಸನಾಥ ದೇವಾಲಯವಿದೆ. ಬಾದಾಮಿ ಬಿದ್ದು ಸುಮಾರು ನೂರು ವರ್ಷಗಳಾದ ಮೇಲೆ ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನು ಕಾಂಚಿಯನ್ನು ಗೆದ್ದನು. ಸೇಡು ತೀರಿಸಿಕೊಳ್ಳುವ ಸಮಯ ಒದಗಿತ್ತು. ಆದರೆ ಅವನು ನಗರವನ್ನು ಕೆಡಿಸಲಿಲ್ಲ; ದೇವಾಲಯದ ಸಂಪತ್ತನ್ನು ದೇವರಿಗೇ ಬಿಟ್ಟುಕೊಟ್ಟನು. ಇದನ್ನು ಸಾರುವ ಕನ್ನಡ ಶಾಸನವು ಅಲ್ಲಿಯ ಕಂಬದ ಮೇಲಿದೆ. ಅವನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ ಕಾಂಚಿಯ ಗುಡಿಯ ಹೋಲಿಕೆ ಎದ್ದು ಕಾಣುತ್ತದೆ.

ರಾಜ್ಯಗಳು ಅಳಿದವು, ಕಲೆ ಉಳಿಯಿತು. ಗೆದ್ದ ಅರಸನೇ ಕಾಪಾಡಿದ ಇಂತಹ ಕಲ್ಲುಗಳ ಮೇಲೆ ನೋಡಲು ಬಂದವರು ತಮ್ಮ ಹೆಸರು ಗೀಚುವುದು ತರವಲ್ಲ. ಕಡಲು ನಿಧಾನವಾಗಿ ಸವೆಸುವುದನ್ನು ಮನುಷ್ಯನ ಕೈ ಕ್ಷಣದಲ್ಲಿ ಕೆಡಿಸಬಲ್ಲದು.

ಅಭ್ಯಾಸ

1. ಪಂಚರಥಗಳನ್ನು ಮೇಲಿನಿಂದ ಕಡೆದರೆಂದು ಹೇಗೆ ತಿಳಿಯುತ್ತದೆ?
2. ಬಾದಾಮಿ ಮತ್ತು ಕಾಂಚಿಯ ಶಾಸನಗಳನ್ನು ಹೋಲಿಸಿರಿ.