ಗಣಿ ಕೆಸರಿನ ಕಟ್ಟೆ: ಏನು ಕೇಳಬೇಕು?



ಅದಿರು ತೊಳೆದು ಉಳಿದ ಕೆಸರನ್ನು ತಡೆಯಲು ಕಟ್ಟೆ ಕಟ್ಟುತ್ತಾರೆ. ಕುದುರೆಮುಖದ ಲಕ್ಯಾ ಕಟ್ಟೆ ಅಂಥದ್ದೇ. 2005ರ ಕೊನೆಗೆ ಗಣಿ ನಿಂತಿತು, ಕೆಸರು ಅಲ್ಲೇ ಇದೆ. ಗಣಿ ಮುಚ್ಚಿದರೆ ಕಟ್ಟೆ ಕಾಯೋ ಕೆಲಸ ಮುಗೀತು ಅಂದುಕೋಬೇಡಿ.

ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಕೆಸರು ತುಂಬುವುದು 2016ರಲ್ಲೇ ನಿಂತಿತ್ತು. 2019ರ ಜನವರಿ 25ರಂದು, ಊಟದ ಹೊತ್ತಿಗೆ, ಕಟ್ಟೆ ಒಡೆದು 270 ಜನ ಸತ್ತರು. ಕಾರ್ಮಿಕರ ಕ್ಯಾಂಟೀನು ಕಟ್ಟೆಯ ಕೆಳಗೇ ಇತ್ತು! ಸೈರನ್ ಕೂಗಲಿಲ್ಲ. ನೀರು ಕುಡಿದ ಕೆಸರು ಗಟ್ಟಿಯಾಗಿ ಕಂಡರೂ ಒಮ್ಮೆಲೇ ದೋಸೆ ಹಿಟ್ಟಿನಂತೆ ಹರಿಯುತ್ತದೆ. ಅದಕ್ಕೇ ಪೀಜೋಮೀಟರ್ ಇಟ್ಟು ಒಳಗಿನ ನೀರಿನ ಒತ್ತಡ ಅಳೀತಾರೆ.

ಕಟ್ಟೆಯ ಕೆಳಗಿನ ಊರಿನವರು ಗ್ರಾಮಸಭೆಯಲ್ಲಿ ಕೇಳಿ: ಅಳತೆ ಯಾರು ಬರೆದಿಡ್ತಾರೆ? ಸೈರನ್ ಯಾವಾಗ ಪರೀಕ್ಷಿಸಿದಿರಿ? ಓಡಲು ಎತ್ತರದ ದಾರಿ ಯಾವುದು? ಬುಡದಲ್ಲಿ ಜಿನುಗುವ ನೀರು ಕದಡಿ ಬಂದರೆ ಅಂದೇ ಪಂಚಾಯಿತಿಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.