ಮಣಿ ಸರ ಪೋಣಿಸೋಣ: ಗಟ್ಟಿಯಾಗಿ, ಚೊಕ್ಕವಾಗಿ



ಹೂ ಕಟ್ಟುವುದನ್ನು ನಮಗೆ ಯಾರೂ ಪಾಠ ಮಾಡಿ ಕಲಿಸಲಿಲ್ಲ. ಅಮ್ಮನ ಪಕ್ಕ ಕೂತು, ಬಾಳೆ ನಾರು ಹಿಡಿದು, ನೋಡಿ ನೋಡಿಯೇ ಕಲಿತೆವು. ಅಂಥ ಕೈಗೆ ಮಣಿ ಪೋಣಿಸೋದು ಏನು ಕಷ್ಟ ಎಂದು ನಮ್ಮ ಸಂಘದವರೂ ಅಂದುಕೊಂಡಿದ್ದೆವು. ಸಂಘದಿಂದ ಸಾಲ ಪಡೆದು ಗಾಜಿನ ಮಣಿ ತಂದೆವು. ನಾಲ್ಕು ಜನ ಸೇರಿ ಎರಡು ವಾರ ಪೋಣಿಸಿ, ಊರ ಜಾತ್ರೆಯಲ್ಲಿ ಮೇಜು ಹಾಕಿದೆವು. ಮೊದಲ ದಿನ ವ್ಯಾಪಾರ ಚೆನ್ನಾಗಿಯೇ ಆಯಿತು.

ಎರಡನೆಯ ದಿನ ಬೆಳಿಗ್ಗೆ ಒಬ್ಬ ಹೆಂಗಸು ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ನೀಲಿ ಮಣಿಯನ್ನು ನಮ್ಮ ಮೇಜಿನ ಮೇಲೆ ಸುರಿದರು. "ಬಸ್ಸಿನಲ್ಲೇ ಕಿತ್ತುಹೋಯ್ತಮ್ಮ. ಸಿಕ್ಕಿದಷ್ಟು ಆರಿಸಿಕೊಂಡು ಬಂದೆ. ದುಡ್ಡು ವಾಪಸ್ ಬೇಡ. ಇನ್ನೊಬ್ರಿಗೆ ಮಾತ್ರ ಹೀಗೆ ಮಾರಬೇಡಿ" ಅಂದರು. ಮಣಿ ಬಿಟ್ಟು ಹೋದರು. ನಮಗೆ ತಲೆ ಎತ್ತಲಾಗಲಿಲ್ಲ.

ತಪ್ಪು ಮಣಿಯದ್ದಲ್ಲ. ನಾವು ಬಳಸಿದ್ದು ಬಟ್ಟೆ ಹೊಲಿಯುವ ದಾರ. ತುದಿಯಲ್ಲಿ ಹಾಕಿದ್ದು ಹೂವಿನ ಗಂಟು. ಹೂವಿನ ಮಾಲೆ ಒಂದು ದಿನ ಇದ್ದರೆ ಸಾಕು, ಮಣಿ ಸರ ವರ್ಷಗಟ್ಟಲೆ ಇರಬೇಕು. ಕೊಳ್ಳುವವರು ನೋಡುವುದು ಮಣಿಯ ಬಣ್ಣವನ್ನು. ಆದರೆ ಅವರು ನಮ್ಮ ಹತ್ತಿರ ಮತ್ತೆ ಬರ್ತಾರೋ ಇಲ್ಲವೋ ಅನ್ನೋದನ್ನು ತೀರ್ಮಾನಿಸುವುದು ಕೊಕ್ಕೆಯ ಹತ್ತಿರದ ಕೊನೆಯ ಒಂದು ಇಂಚು. ಆಮೇಲೆ ನಾವು ಕಲಿತದ್ದನ್ನು ಈ ಪಾಠದಲ್ಲಿ ಹೇಳುತ್ತೇವೆ.

ಯಾವ ಮಣಿಗೆ ಯಾವ ದಾರ?

ಗಾಜು, ಕಲ್ಲು, ಲೋಹದ ಮಣಿ: ಇವುಗಳ ತೂತಿನ ಅಂಚು ಹರಿತ. ಹತ್ತಿ ದಾರವನ್ನು ದಿನಾ ಸ್ವಲ್ಪ ಸ್ವಲ್ಪ ಕೊಯ್ಯುತ್ತಲೇ ಇರತ್ತೆ. ಬೆವರು ತಾಗಿ ದಾರ ಇನ್ನೂ ಬೇಗ ಹಾಳಾಗುತ್ತದೆ. ಇಂಥ ಮಣಿಗೆ ಗೇರ್ ವಯರ್ ಬಳಸಿ. ಇದು ಕೂದಲಿನಂಥ ಉಕ್ಕಿನ ಎಳೆಗಳನ್ನು ಹೊಸೆದು ಮೇಲೆ ನೈಲಾನ್ ಹೊದಿಸಿದ ತಂತಿ. ಎಳೆ ಹೆಚ್ಚಿದ್ದಷ್ಟೂ ತಂತಿ ಮೆದುವಾಗಿ ಕತ್ತಿನ ಮೇಲೆ ಚೆನ್ನಾಗಿ ಕೂರುತ್ತದೆ. ಸಾಮಾನ್ಯ ಸರಕ್ಕೆ 0.38 ಎಂ.ಎಂ. ದಪ್ಪ ಸಾಕು.

ಮುತ್ತು: ರೇಷ್ಮೆ ಅಥವಾ ನೈಲಾನ್ ದಾರ. ಎರಡು ಮುತ್ತುಗಳ ನಡುವೆ ಒಂದೊಂದು ಗಂಟು ಹಾಕಬೇಕು. ಆಗ ಮುತ್ತಿಗೆ ಮುತ್ತು ಉಜ್ಜುವುದಿಲ್ಲ. ದಾರ ಕಿತ್ತರೂ ಒಂದೇ ಮುತ್ತು ಬೀಳುತ್ತದೆ, ಉಳಿದವು ಉಳಿಯುತ್ತವೆ.

ಮರದ ಮಣಿ: ಚನ್ನಪಟ್ಟಣದ ಅರಗಿನ ಬಣ್ಣದ ಮಣಿಗಳು ಹಗುರ, ತೂತು ದೊಡ್ಡದು. ಮೇಣ ಸವರಿದ ದಪ್ಪ ಹತ್ತಿ ಹುರಿ ಇದಕ್ಕೆ ಒಪ್ಪುತ್ತದೆ. ನೀರು, ಜೋರು ಬಿಸಿಲು ತಾಗಿಸಬೇಡಿ.

ಎಲಾಸ್ಟಿಕ್ ದಾರ: ಕೈಬಳೆಗೆ ಮಾತ್ರ. ಪೋಣಿಸುವ ಮುಂಚೆ ನಾಲ್ಕೈದು ಸಲ ಎಳೆದು ಬಿಡಿ. ಇಲ್ಲದಿದ್ದರೆ ಮಾರಿದ ಮೇಲೆ ಸಡಿಲವಾಗಿ ಮಣಿಗಳ ನಡುವೆ ದಾರ ಕಾಣುತ್ತದೆ.

ಬೇಕಾಗುವ ಸಾಮಾನು

ಗೇರ್ ವಯರ್, ಗೇರ್ ಲಾಕ್ ಎನ್ನುವ 2 ಎಂ.ಎಂ.ನ ಪುಟ್ಟ ಲೋಹದ ಮಣಿ, ಅದನ್ನು ಮುಚ್ಚುವ ಲಾಕ್ ಕವರ್, ಕೊಕ್ಕೆ, ರಿಂಗುಗಳು, 2 ಇಂಚು ಸರಪಳಿ. ಚಪ್ಪಟೆ ಮೂತಿಯ ಇಕ್ಕಳ ಎರಡು, ದುಂಡು ಮೂತಿಯದು ಒಂದು, ತಂತಿ ಕತ್ತರಿಸುವ ಕಟ್ಟರ್ ಒಂದು. ಇಕ್ಕಳಗಳನ್ನು ಪ್ರತಿಯೊಬ್ಬರೂ ಕೊಳ್ಳಬೇಕಿಲ್ಲ, ಸಂಘಕ್ಕೆ ಒಂದು ಜೊತೆ ಇದ್ದರೆ ಆರಂಭಕ್ಕೆ ಸಾಕು.

ಆಂಧ್ರದ ಪಾಪಾನಾಯುಡುಪೇಟೆ, ಉತ್ತರ ಪ್ರದೇಶದ ಪುರ್ದಿಲ್‌ನಗರ ಗಾಜಿನ ಮಣಿಗೆ ಹೆಸರಾದ ಊರುಗಳು. ನಮಗೆ ಮಾಲು ಸಿಗುವುದು ಪೇಟೆಯ ಸಗಟು ಅಂಗಡಿಯಲ್ಲಿ. ಇಬ್ಬರು ಹೋಗಿ, ಬೇಕಾದ ಅಳತೆ ಬರೆದುಕೊಂಡು ಹೋಗಿ, ರಸೀದಿ ತನ್ನಿ. ಸಾಸಿವೆಯಂಥ ಸಣ್ಣ ಮಣಿ ಕೊಳ್ಳುವಾಗ ಒಂದು ನೆನಪಿರಲಿ: ನಂಬರ್ ದೊಡ್ಡದಾದಷ್ಟೂ ಮಣಿ ಚಿಕ್ಕದು. 11 ನಂಬರಿನ ಮಣಿ 8 ನಂಬರಿಗಿಂತ ಸಣ್ಣದು.

ಪೋಣಿಸುವ ಮೊದಲು

ಅಕ್ಕಿ ಆರಿಸಿದ ಹಾಗೆ ಮಣಿ ಆರಿಸಬೇಕು. ಮೊರದಲ್ಲಿ ಒಂದು ದಪ್ಪ ಬಟ್ಟೆ ಹಾಸಿ ಅದರ ಮೇಲೆ ಸುರಿಯಿರಿ, ಉರುಳಿಹೋಗುವುದಿಲ್ಲ. ಬಾಯಿ ಒಡೆದದ್ದು, ತೂತು ಸೊಟ್ಟ ಇರುವುದು, ಗಾತ್ರ ಹೆಚ್ಚು ಕಡಿಮೆ ಇರುವುದನ್ನು ಬೇರೆ ಇಡಿ. ಎರಡು ಮಣಿಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಅದನ್ನು ಸರಕ್ಕೆ ಹಾಕಬೇಡಿ. ಕೊಂಡವರ ರವಿಕೆಗೆ ಕಲೆಯಾದರೆ ಸರದ ಜೊತೆಗೆ ನಮ್ಮ ಹೆಸರೂ ಕೆಡುತ್ತದೆ.

ಅಳತೆಯ ಲೆಕ್ಕ

ಕತ್ತಿಗೆ ಅಂಟಿದಂತಿರುವ ಸರಕ್ಕೆ 14ರಿಂದ 16 ಇಂಚು, ಕತ್ತಿನ ಬುಡದಿಂದ ಸ್ವಲ್ಪ ಕೆಳಗೆ ಇಳಿಯುವುದಕ್ಕೆ 18 ಇಂಚು, ಎದೆಯ ಮೇಲೆ ಬರುವುದಕ್ಕೆ 20ರಿಂದ 24 ಇಂಚು. ಹೆಚ್ಚಾಗಿ ಹೋಗುವುದು 18 ಇಂಚಿನದು. ಅದನ್ನೇ ಮಾಡೋಣ.

ಒಂದು ಇಂಚಿನಲ್ಲಿ 4 ಎಂ.ಎಂ. ಮಣಿ ಸುಮಾರು 6, 6 ಎಂ.ಎಂ. ಮಣಿ ಸುಮಾರು 4, 8 ಎಂ.ಎಂ. ಮಣಿ ಸುಮಾರು 3 ಕೂರುತ್ತವೆ. 18 ಇಂಚಿನಲ್ಲಿ ಕೊಕ್ಕೆ, ರಿಂಗಿಗೆ 1 ಇಂಚು ಬಿಟ್ಟರೆ ಮಣಿಗೆ ಉಳಿಯುವುದು 17 ಇಂಚು, ಅಂದರೆ ಸುಮಾರು 432 ಎಂ.ಎಂ. 16 ಇಂಚಿನ ಒಂದು ಎಳೆಯಲ್ಲಿ 8 ಎಂ.ಎಂ. ಮಣಿ ಸುಮಾರು 50 ಇರುತ್ತವೆ. ಕೆಟ್ಟದ್ದನ್ನು ತೆಗೆದರೆ 48 ಸಿಕ್ಕೀತು, ಅದು 384 ಎಂ.ಎಂ. ಇನ್ನು 48 ಎಂ.ಎಂ. ಕೊರತೆ. ಅದಕ್ಕಾಗಿ ಇನ್ನೊಂದು ಎಳೆ ಕೊಳ್ಳಬೇಡಿ. ಚಿನ್ನದ ಬಣ್ಣದ 3 ಎಂ.ಎಂ. ಮಣಿಯನ್ನು ಎರಡೂ ತುದಿಗೆ ಎಂಟೆಂಟು ಹಾಕಿ. ಅಳತೆ ಸರಿಹೋಯಿತು, ಹಿಂಗತ್ತಿನ ಹತ್ತಿರ ಸರವೂ ತೆಳ್ಳಗೆ ಅಂದವಾಗಿ ಕೂರುತ್ತದೆ.

ಪೋಣಿಸುವ ಕ್ರಮ

1. ಸರದ ಅಳತೆಗಿಂತ 6 ಇಂಚು ಹೆಚ್ಚಿಗೆ, ಅಂದರೆ 24 ಇಂಚು ಗೇರ್ ವಯರ್ ಕತ್ತರಿಸಿ. ತಂತಿ ಉಳಿಸಲು ಹೋಗಿ ತುದಿ ಸಾಲದೆ ಬಂದರೆ ಇಡೀ ಸರ ಬಿಚ್ಚಬೇಕಾಗುತ್ತದೆ. ಒಮ್ಮೆ ಮುರುಚಿ ಮಡಿಕೆ ಬಿದ್ದ ತಂತಿಯನ್ನು ಬಳಸಬೇಡಿ. ಅದು ಅಲ್ಲೇ ಕಡಿಯುತ್ತದೆ.

2. ಒಂದು ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ. ಇನ್ನೊಂದು ತುದಿಯಿಂದ ಮಣಿಗಳನ್ನು ಪೋಣಿಸಿ: 8 ಸಣ್ಣ, 48 ದೊಡ್ಡ, 8 ಸಣ್ಣ. ನಡುನಡುವೆ ಎತ್ತಿ ಹಿಡಿದು ನೋಡಿ.

3. ಈಗ ಒಂದು ಗೇರ್ ಲಾಕ್ ಪೋಣಿಸಿ. ತಂತಿಯನ್ನು ಕೊಕ್ಕೆಯ ರಿಂಗಿನೊಳಗೆ ದಾಟಿಸಿ, ಮತ್ತೆ ಅದೇ ಲಾಕಿನೊಳಗೆ ವಾಪಸ್ ತನ್ನಿ. ಅಲ್ಲಿಗೆ ನಿಲ್ಲಿಸದೆ, ಉಳಿದ ತುದಿಯನ್ನು ಸಣ್ಣ ಮಣಿಗಳೊಳಗೂ ಸುಮಾರು 1 ಇಂಚು ತೂರಿಸಿ. ರಿಂಗ್ ಅಲ್ಲಾಡುವಷ್ಟು ಚಿಕ್ಕ ಕುಣಿಕೆ ಉಳಿದಿರಲಿ. ಕುಣಿಕೆ ತೀರಾ ಬಿಗಿಯಾದರೆ ರಿಂಗ್ ತಂತಿಯನ್ನು ಸವೆಸುತ್ತದೆ.

4. ಲಾಕಿನೊಳಗೆ ಎರಡು ತಂತಿ ಒಂದರ ಮೇಲೊಂದು ಹತ್ತದೆ ಪಕ್ಕಪಕ್ಕ ಇವೆಯೇ ನೋಡಿ, ಚಪ್ಪಟೆ ಇಕ್ಕಳದಿಂದ ಒತ್ತಿ. ಮೆಲ್ಲಗೆ ಒತ್ತಿದರೆ ಜಾರುತ್ತದೆ, ಸಿಟ್ಟಿನಿಂದ ಒತ್ತಿದರೆ ತಂತಿ ಕಡಿಯುತ್ತದೆ. ಒತ್ತಿದ ಮೇಲೆ ಎಳೆದು ನೋಡಿ. ಹಾಳಾದ ನಾಲ್ಕು ಲಾಕಿನಲ್ಲಿ ಕೈ ಪಳಗುತ್ತದೆ. ಮೊದಲ ದಿನ ತುಂಡು ತಂತಿಯಲ್ಲೇ ಅಭ್ಯಾಸ ಮಾಡಿ.

5. ಕ್ಲಿಪ್ ತೆಗೆದು ಇನ್ನೊಂದು ತುದಿಗೂ ಹಾಗೆಯೇ ಮಾಡಿ, ಅಲ್ಲಿ ಕೊಕ್ಕೆಯ ಬದಲು ಸರಪಳಿಯ ರಿಂಗ್. ಆದರೆ ಲಾಕ್ ಒತ್ತುವ ಮುಂಚೆ ಸರವನ್ನು ಕತ್ತಿನ ಮೇಲೆ ಕೂರುವ ಹಾಗೆ ದುಂಡಗೆ ಬಾಗಿಸಿ. ಒಂದು ಅಕ್ಕಿ ಕಾಳಿನ ದಪ್ಪದಷ್ಟು ಸಡಿಲ ಬಿಡಿ. ಪೂರಾ ಬಿಗಿದರೆ ಸರ ಕಡ್ಡಿಯಂತೆ ಸೆಟೆದು ನಿಲ್ಲುತ್ತದೆ, ತಂತಿಯೂ ಬೇಗ ಕಡಿಯುತ್ತದೆ. ಹೆಚ್ಚು ಬಿಟ್ಟರೆ ತಂತಿ ಕಾಣುತ್ತದೆ.

6. ಉಳಿದ ತುದಿಯನ್ನು ಕತ್ತರಿಸುವಾಗ ಅಂಗೈ ಅಡ್ಡ ಹಿಡಿಯಿರಿ, ಚೂರು ಕಣ್ಣಿಗೆ ಹಾರಬಹುದು. ಕತ್ತರಿಸಿದ ಮೊನೆ ಮಣಿಯ ಒಳಗೇ ಅಡಗಬೇಕು. ಹೊರಗೆ ಉಳಿದರೆ ಕತ್ತು ಗೀರುತ್ತದೆ. ಕೊನೆಗೆ ಲಾಕಿಗೆ ಕವರ್ ಹಾಕಿ ಮೆಲ್ಲಗೆ ಮುಚ್ಚಿ. ನೋಡಿದವರಿಗೆ ಅದೂ ಒಂದು ಸಣ್ಣ ಮಣಿ ಅನಿಸಬೇಕು.

ರಿಂಗ್ ಮತ್ತು ಓಲೆ

ರಿಂಗ್ ಬಿಡಿಸುವಾಗ ಎರಡು ತುದಿಯನ್ನು ಆ ಕಡೆ ಈ ಕಡೆ ಅಗಲಿಸಿದರೆ ದುಂಡು ಕೆಡುತ್ತದೆ, ಮತ್ತೆ ಸರಿಯಾಗಿ ಕೂಡುವುದಿಲ್ಲ. ಎರಡು ಇಕ್ಕಳದಲ್ಲಿ ಹಿಡಿದು ಒಂದು ತುದಿಯನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಎದುರು ಕಡೆಗೆ ಹೊರಳಿಸಿ. ಮುಚ್ಚುವಾಗಲೂ ಹಾಗೆಯೇ. ಕೂಡಿದ ಜಾಗದಲ್ಲಿ ಉಗುರು ಆಡಿಸಿದರೆ ಸಂದು ಸಿಗಬಾರದು.

ಜೊತೆಗೆ ಓಲೆ ಮಾಡುವುದಾದರೆ, ಪಿನ್ನಿಗೆ ಮಣಿ ಹಾಕಿ, ಮಣಿಯ ಮೇಲೆ ಕಾಣುವ ತಂತಿಯನ್ನು ಬುಡದಲ್ಲೇ ಬಾಗಿಸಿ, ಸುಮಾರು 1 ಸೆಂ.ಮೀ. ಉಳಿಸಿ ಕತ್ತರಿಸಿ, ದುಂಡು ಇಕ್ಕಳದಿಂದ ಸುತ್ತಿ. ಇಕ್ಕಳದ ಮೂತಿಯ ಮೇಲೆ ಪೆನ್ನಿನಿಂದ ಒಂದು ಗೆರೆ ಹಾಕಿಕೊಳ್ಳಿ. ಎರಡೂ ಓಲೆಯನ್ನು ಅದೇ ಗೆರೆಯಲ್ಲಿ ಸುತ್ತಿದರೆ ಕುಣಿಕೆ ಒಂದೇ ಅಳತೆಗೆ ಬರುತ್ತದೆ. ಒಂದು ಓಲೆ ಉದ್ದ, ಒಂದು ಗಿಡ್ಡ ಆಗುವುದಿಲ್ಲ.

ಮೈಗೆ ಆಗದ ಲೋಹ

ಕೆಲವರಿಗೆ ಅಗ್ಗದ ಓಲೆ, ಕೊಕ್ಕೆ ಹಾಕಿದರೆ ತುರಿಕೆ, ಕೆಂಪು ಗುಳ್ಳೆ ಬರುತ್ತದೆ. ಹೆಚ್ಚಾಗಿ ಇದಕ್ಕೆ ಕಾರಣ ಅದರಲ್ಲಿರುವ ನಿಕ್ಕಲ್. ಓಲೆಯ ಕಡ್ಡಿಯನ್ನಾದರೂ ನಿಕ್ಕಲ್ ಇಲ್ಲದ್ದು ಎಂದು ಕೇಳಿಯೇ ಕೊಳ್ಳಿ. ಗೊತ್ತಿಲ್ಲದಿದ್ದರೆ ಗ್ರಾಹಕರಿಗೆ ಗೊತ್ತಿಲ್ಲ ಎಂದೇ ಹೇಳಿ. ಚಿಕ್ಕ ಮಕ್ಕಳು ಬಾಯಿಗೆ ಹಾಕಿಕೊಳ್ಳುವಂಥ ಮಣಿ, ರಿಂಗನ್ನು ಅವರ ಕೈಗೆ ಸಿಗದಂತೆ ಇಡಿ.

ಮಾರುವ ಮುಂಚೆ

ಪೋಣಿಸಿದವರೇ ಪರೀಕ್ಷೆ ಮಾಡಬಾರದು. ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇನ್ನೊಬ್ಬ ಸದಸ್ಯೆ ಸರವನ್ನು ಎರಡೂ ಕಡೆ ಹಿಡಿದು ಎಳೆಯಲಿ, ಕೊಕ್ಕೆಯನ್ನು ಹತ್ತು ಸಲ ಹಾಕಿ ತೆಗೆಯಲಿ, ತುದಿಯನ್ನು ಕತ್ತಿಗೆ ಸವರಿ ಮೊನೆ ಚುಚ್ಚುತ್ತದೆಯೇ ನೋಡಲಿ. ಚೀಟಿಯಲ್ಲಿ ಅಳತೆ, ಬೆಲೆ, ಮಾಡಿದವರ ನಂಬರ್ ಇರಲಿ. ಸರ ವಾಪಸ್ ಬಂದರೆ ಯಾರನ್ನೂ ಬೈಯಲು ಅಲ್ಲ, ಎಲ್ಲಿ ಇನ್ನೂ ಕಲಿಯಬೇಕು ಎಂದು ತಿಳಿಯಲು. "ಪೌಡರ್, ಸೆಂಟ್ ಹಾಕಿದ ಮೇಲೆ ಸರ ಹಾಕಿಕೊಳ್ಳಿ, ಸ್ನಾನಕ್ಕೆ ಮುಂಚೆ ತೆಗೆದಿಡಿ" ಎಂಬ ಎರಡು ಮಾತು ಚೀಟಿಯ ಹಿಂದೆ ಬರೆಯಿರಿ.

ಬೆಲೆ ಕಟ್ಟುವಾಗ ನಮ್ಮನ್ನು ಮರೆಯದಿರೋಣ

"ಮನೇಲಿ ಕೂತು ಮಾಡಿದ್ದಕ್ಕೆ ಏನು ಕೂಲಿ?" ಅಂತ ನಾವೇ ಹೇಳ್ತೀವಿ. ಆ ಒಂದು ಗಂಟೆ ಬೇರೆ ಕೆಲಸಕ್ಕೆ ಹೋಗಿದ್ದರೆ ಕೂಲಿ ಬಿಡುತ್ತಿದ್ದೆವಾ? ಲೆಕ್ಕ ತಿಳಿಯಲೆಂದು ಒಂದು ಉದಾಹರಣೆ. ನಿಮ್ಮ ಊರಿನ ದರ ಹಾಕಿಕೊಳ್ಳಿ.

ಗಾಜಿನ ಮಣಿ 70 ರೂ., ಸಣ್ಣ ಮಣಿ 10, ತಂತಿ, ಲಾಕ್, ಕವರ್ 10, ಕೊಕ್ಕೆ, ಸರಪಳಿ 15, ಪೊಟ್ಟಣ, ಚೀಟಿ 5. ಸಾಮಾನಿನ ಖರ್ಚು 110 ರೂ. ಒಂದು ಗಂಟೆಯ ಕೂಲಿ 60. ಬಸ್ಸು, ಮಳಿಗೆ ಬಾಡಿಗೆಯ ಪಾಲು 15. ಹಾಳಾದದ್ದು ಮತ್ತು ರಿಪೇರಿಗೆ 15. ಒಟ್ಟು 200. ಸಂಘದ ಪಾಲು 20. ಬೆಲೆ 220 ರೂ.

ಇದರಲ್ಲಿ ತಂತಿ, ಲಾಕ್, ಕವರಿಗೆ ಆದದ್ದು ಬರೀ 10 ರೂ. ಅದನ್ನು ಉಳಿಸಲು ಹೋಗಿ ನಾವು ಆ ಜಾತ್ರೆಯಲ್ಲಿ ಮರ್ಯಾದೆ ಕಳೆದುಕೊಂಡಿದ್ದೆವು.

ಆ ನೀಲಿ ಮಣಿಗಳು ಏನಾದವು? ಒಂದು ಡಬ್ಬಿಯಲ್ಲಿ ಎತ್ತಿಟ್ಟಿದ್ದೆವು. ಕೆಲಸ ಕಲಿತ ಮೇಲೆ ಮೊದಲು ಪೋಣಿಸಿದ್ದು ಅವನ್ನೇ. ಕೆಲವು ಬಸ್ಸಿನಲ್ಲೇ ಕಳೆದಿದ್ದವು, ಆ ಜಾಗಕ್ಕೆ ಚಿನ್ನದ ಬಣ್ಣದ ಸಣ್ಣ ಮಣಿ ಹಾಕಿದೆವು. ಮೇಲೆ ಹೇಳಿದ ಮಾದರಿ ಹುಟ್ಟಿದ್ದು ಹಾಗೆ. ಮುಂದಿನ ಜಾತ್ರೆಗೆ ಆ ಹೆಂಗಸು ಬಂದಾಗ ಸರ ಕೈಗಿಟ್ಟೆವು. ಅವರು ಏನೂ ಹೇಳಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಒಮ್ಮೆ ಎಳೆದು ನೋಡಿದರು. ಆಮೇಲೆ ಅಲ್ಲೇ ನಿಂತು ಕತ್ತಿಗೆ ಹಾಕಿಕೊಂಡರು.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘ ಮಾಡಿ ಮಾರುವ ವಸ್ತುವಿನ "ಕೊನೆಯ ಒಂದು ಇಂಚು" ಯಾವುದು? ಅಲ್ಲಿ ನಾವು ಎಲ್ಲಿ ಉಳಿತಾಯ ಮಾಡಿ ಕೆಡಿಸುತ್ತಿದ್ದೇವೆ?

2. ಬೆಲೆ ಕಟ್ಟುವಾಗ ನಮ್ಮ ಕೂಲಿಯನ್ನು ಸೇರಿಸುತ್ತಿದ್ದೇವೆಯೇ? ಇಲ್ಲದಿದ್ದರೆ ಯಾಕೆ?

3. ವಾಪಸ್ ಬಂದ ಮಾಲನ್ನು ಸರಿಮಾಡಿ ಕೊಡುವ ಹೊಣೆ ಯಾರದು? ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.