ಒಳಗಿನ ಕೆಲಸ, ಹೊರಗಿನ ಆಜ್ಞೆ

ಭದ್ರಾವತಿ ಎಂದೊಡನೆ ನಾಡಿನ ಜನರಿಗೆ ನೆನಪಾಗುವುದು ಅಲ್ಲಿಯ ಕಬ್ಬಿಣದ ಕಾರ್ಖಾನೆ. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾಗಿ ಭದ್ರಾ ನದಿಯ ದಡದಲ್ಲಿ ತಲೆಯೆತ್ತಿದ ಆ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರೂ ಮಲೆನಾಡಿನ ಇದ್ದಿಲೂ ಅಲ್ಲಿಯ ಊದುಕುಲುಮೆಯಲ್ಲಿ ಬೆರೆತು ಕಬ್ಬಿಣವಾದವು. ಉರಿಯುವ ಕುಲುಮೆಯೊಳಗೆ ಯಾರೂ ಕಾಲಿಡಲಾರರು. ಕಾರ್ಮಿಕರು ಹೊರಗೆ ನಿಂತೇ ಗಾಳಿಯನ್ನು ಊದಿಸಿ, ಅದಿರನ್ನು ಸುರಿಸಿ, ಒಳಗಿನ ಕೆಲಸವನ್ನು ನಡೆಸುತ್ತಿದ್ದರು.

ಇಂದಿನ ಗಣಕಯಂತ್ರಗಳಲ್ಲಿಯೂ ಇಂಥದೊಂದು ವ್ಯವಸ್ಥೆಯುಂಟು. ಅದರ ಹೆಸರು ಕಂಟೇನರ್. ಒಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಕಡತಗಳನ್ನೂ ಪ್ರತ್ಯೇಕವಾದ ಆವರಣದಲ್ಲಿರಿಸಿ ನಡೆಸುವುದೇ ಅದರ ಮರ್ಮ. ಅದು ಬೇರೆಯ ಯಂತ್ರವಲ್ಲ. ಒಂದೇ ಛಾವಣಿಯ ಕೆಳಗಿನ ಬೇರೆ ಕೋಣೆ. 1979ರ ಯುನಿಕ್ಸ್‌ನ ಕ್ರೂಟ್ ಎಂಬ ಸೌಲಭ್ಯದಲ್ಲಿಯೇ ಈ ವಿಚಾರದ ಬೀಜವಿತ್ತು. 2013ರಲ್ಲಿ ಪ್ರಕಟವಾದ ಡಾಕರ್ ಅದನ್ನು ಜನಪ್ರಿಯಗೊಳಿಸಿತು.

ಓಡುತ್ತಿರುವ ಕಂಟೇನರಿನೊಳಗೆ ಆಜ್ಞೆಯೊಂದನ್ನು ನಡೆಸಲು ಡಾಕರ್ ಎಕ್ಸೆಕ್ ಎಂಬ ಆಜ್ಞೆಯಿದೆ. 2014ರಲ್ಲಿ ಬಂದ ಇದನ್ನು ಬರೆದು, ಕಂಟೇನರಿನ ಹೆಸರನ್ನೂ ನಡೆಸಬೇಕಾದ ಆಜ್ಞೆಯನ್ನೂ ಕ್ರಮವಾಗಿ ಸೇರಿಸಬೇಕು. ಒಳಗೆ ಕುಳಿತು ಸಂಭಾಷಿಸುವಂತೆ ಕೆಲಸ ಮಾಡಬೇಕಾದರೆ ಐ ಮತ್ತು ಟಿ ಎಂಬ ಸಂಕೇತಗಳೂ ಬೇಕು. ಮೊದಲನೆಯದು ನಮ್ಮ ಬರಹ ಒಳಹೋಗುವ ದಾರಿಯನ್ನು ತೆರೆದಿಡುತ್ತದೆ. ಎರಡನೆಯದು ಟರ್ಮಿನಲ್ಲನ್ನು ಒದಗಿಸುತ್ತದೆ. ಕಂಟೇನರಿನ ಮುಖ್ಯ ಕಾರ್ಯ ನಿಂತಿದ್ದರೆ ಈ ಆಜ್ಞೆ ನಡೆಯದು. ಆರಿದ ಕುಲುಮೆಗೆ ಅದಿರು ಸುರಿದು ಫಲವೇನು?

ಇಲ್ಲಿ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಎರಡು ಆಜ್ಞೆಗಳ ನಡುವೆ ಅರ್ಧವಿರಾಮ ಚಿಹ್ನೆಯನ್ನಿಟ್ಟು ಬರೆದರೆ, ಆ ಸಾಲನ್ನು ಮೊದಲು ಓದುವುದು ಹೊರಗಿನ ಶೆಲ್. ಅದು ಸಾಲನ್ನು ಚಿಹ್ನೆಯ ಬಳಿ ತುಂಡರಿಸಿ ಮೊದಲ ಭಾಗವನ್ನಷ್ಟೇ ಕಂಟೇನರಿಗೆ ಕಳುಹಿಸುತ್ತದೆ. ಎರಡನೆಯದನ್ನು ತಾನೇ ಹೊರಗೆ ನಡೆಸುತ್ತದೆ. ಆ ಎರಡನೆಯದು ಕಡತಗಳನ್ನು ಅಳಿಸುವ ಆಜ್ಞೆಯಾಗಿದ್ದರೆ ಅಳಿದುಹೋಗುವುದು ಒಳಗಿನ ಕಡತಗಳಲ್ಲ, ಹೊರಗಿನ ಯಂತ್ರದವು! ಆದುದರಿಂದ ಒಳಗಿನ ಶೆಲ್ಲನ್ನೇ ಎಸ್‌ಎಚ್ ಎಂದು ಕರೆದು, ಸಿ ಎಂಬ ಸಂಕೇತದೊಡನೆ, ಎರಡೂ ಆಜ್ಞೆಗಳನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಒಟ್ಟಾಗಿ ಕಳುಹಿಸಬೇಕು.

ಇನ್ನೊಂದು ಮಾತು. ಒಳಹೊಕ್ಕು ಮಾಡಿದ ತಿದ್ದುಪಡಿ ಶಾಶ್ವತವಲ್ಲ. ಕಂಟೇನರನ್ನು ತೆಗೆದುಹಾಕಿದೊಡನೆ ಅದೂ ಅಳಿಯುತ್ತದೆ. ಉಳಿಯಬೇಕಾದ ದತ್ತಾಂಶವನ್ನು ವಾಲ್ಯೂಮ್ ಎಂಬ ಹೊರಗಿನ ಕಣಜದಲ್ಲಿಡಬೇಕು. ಉಳಿಯಬೇಕಾದ ತಿದ್ದುಪಡಿಯನ್ನು ಡಾಕರ್‌ಫೈಲಿನಲ್ಲಿ ಬರೆದು ಪ್ರತಿಮೆಯನ್ನು ಮತ್ತೆ ಕಟ್ಟಬೇಕು. ಕೈಯಿಂದ ಮಾಡಿದ ದುರಸ್ತಿ ಆ ಹೊತ್ತಿಗೆ ಆಸರೆ; ಬರೆದಿಟ್ಟ ವಿಧಾನ ಮುಂದಿನವರಿಗೂ ದಾರಿ.

ಆಜ್ಞೆಯನ್ನು ಬರೆಯುವುದು ಸುಲಭ. ಅದು ಎಲ್ಲಿ ನಡೆಯುತ್ತದೆಂದು ಅರಿಯುವುದು ವಿವೇಕ. ಕುಲುಮೆಯ ಮುಂದೆ ನಿಂತವನಿಗೂ ಗಣಕದ ಮುಂದೆ ಕುಳಿತವನಿಗೂ ಈ ವಿವೇಕ ಒಂದೇ.